ಜಗಲಿಯ ಸಿಗ್ನಲ್ಲೂ ಹಿಸ್ಸೆಯೂ

ಅಳೆಯುವ ಸಾಮಾನು ಯಾವುದೇ ಇರಲಿ, ಅದು ಕೈಗೆ ಬಂದ ಗಳಿಗೆಯಿಂದ ಮನುಷ್ಯ ಸ್ವಲ್ಪ ಕೆಡುತ್ತಾನೆ ಎಂಬುದು ನನ್ನ ಅನುಭವ. ದರ್ಜಿಯ ಕೊರಳಲ್ಲಿ ಟೇಪು ಇರುವ ತನಕ ಅವನು ನಮ್ಮ ಹೊಟ್ಟೆಯ ಬಗ್ಗೆ ಏನು ಬೇಕಾದರೂ ಹೇಳಬಹುದು; ನಾವು ಎರಡೂ ಕೈ ಎತ್ತಿ ಕಳ್ಳರ ಹಾಗೆ ನಿಂತುಕೊಂಡು ಕೇಳಬೇಕು. ಅಂಕೋಲೆ ಪೇಟೆಯಲ್ಲಿ ಗೇರುಬೀಜ ಕೊಳ್ಳುವವನು ತಕ್ಕಡಿ ಎತ್ತಿ ಹಿಡಿದು, ಮುಳ್ಳಿನ ಕಡೆ ನೋಡದೆ ನಮ್ಮ ಮುಖವನ್ನೇ ನೋಡುತ್ತಾನಲ್ಲ, ಆ ಗತ್ತು ಜಿಲ್ಲಾಧಿಕಾರಿಗೂ ಬರಲಾರದು. ಇದಕ್ಕೆ ಹೊರತಾಗಿದ್ದವನೆಂದರೆ ನಮ್ಮ ಅಜ್ಜ ಒಬ್ಬ. ಕಣದಲ್ಲಿ ಭತ್ತ ಅಳೆಯುವಾಗ ಕೊಳಗ ಅವನ ಕೈಯಲ್ಲೇ ಇರುತ್ತಿತ್ತು. ಆದರೆ ಮೊದಲ ಕೊಳಗಕ್ಕೆ ಅವನು ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ. ಲಾಭ, ಎರಡು, ಮೂರು ಎಂದು ಲೆಕ್ಕ ಮುಂದೆ ಹೋಗುತ್ತಿತ್ತು. ಬೆಳೆ ಸೋತು ಕೊಳಗ ಅರ್ಧವೂ ತುಂಬದ ವರ್ಷದಲ್ಲೂ ಅದು ಲಾಭವೇ. ಅಜ್ಜಿ ಒಳಗಿನಿಂದ, “ಕೊಳಗ ಹಿಡಿದವನ ಕೈ ನಡುಗಬಾರದು, ತಲೆ ತಿರುಗಬಾರದು” ಎಂದು ಹೇಳುತ್ತಿದ್ದಳು. ನನ್ನ ಕೈ ಈವರೆಗೆ ನಡುಗಿದ್ದಿಲ್ಲ. ತಲೆಯ ವಿಷಯ ಈಗ ಹೇಳುತ್ತೇನೆ.

ಹೊಟ್ಟೆಪಾಡಿಗಾಗಿ ನಾನು ಹಿಡಿದ ಕೊಳಗ ಬೇರೆ ಥರದ್ದು. ಕಾರವಾರದಲ್ಲಿ ನಮ್ಮದೊಂದು ಸಣ್ಣ ಕಚೇರಿ. ಮೊಬೈಲ್ ಟವರು ನಿಲ್ಲಿಸುವವರಿಗೆ ಯಾವ ಊರಲ್ಲಿ ಸಿಗ್ನಲ್ ಎಷ್ಟು ತಲುಪುತ್ತದೆ ಎಂದು ಅಳೆದು ಹೇಳುವುದು ನಮ್ಮ ಕೆಲಸ. ಅದಕ್ಕೆ ಕೈಯಲ್ಲಿ ಹಿಡಿಯುವ ಒಂದು ಮೀಟರು ಇದೆ. ಇಟ್ಟಂಗಿಯಷ್ಟು ದೊಡ್ಡದು, ಇಟ್ಟಂಗಿಯಷ್ಟೇ ಭಾರ, ಮೇಲೆ ಹಳದಿ ರಬ್ಬರಿನ ಅಂಗಿ, ತಲೆಯ ಮೇಲೆ ಗೇಣುದ್ದದ ಆಂಟೆನಾ. ಹೆಂಡತಿ ವಿಮಲಾ ಅದನ್ನು ಕರೆಯುವುದೇ ‘ಇಟ್ಟಂಗಿ’ ಎಂದು. ಗುಂಡಿ ಒತ್ತಿದರೆ ಆ ಜಾಗದ ಗಾಳಿಯಲ್ಲಿ ರೇಡಿಯೋ ಅಲೆಯ ಬಲ ಎಷ್ಟಿದೆ ಎಂಬ ಅಂದಾಜು ಸಂಖ್ಯೆಯಾಗಿ ಮೂಡುತ್ತದೆ. ಅಂದಾಜು ಎಂಬ ಶಬ್ದವನ್ನು ಗಮನಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನು ಬಾಯಿ ತುಂಬ ಹೇಳುತ್ತಿದ್ದೆ. “ಇದು ಅಂದಾಜು ಮಾತ್ರ ಹೌದಾ, ಮಳೆ ಬಂದರೆ ಬೇರೆ, ಮರ ಬೆಳೆದರೆ ಬೇರೆ” ಎನ್ನುತ್ತಿದ್ದೆ. ಹೇಳಿದಷ್ಟೂ ಜನ ನನ್ನನ್ನು ಅನುಮಾನದಿಂದ ನೋಡತೊಡಗಿದರು. ಬರಬರುತ್ತ ಆ ಶಬ್ದವನ್ನು ಬಿಟ್ಟೆ. ಬಿಟ್ಟ ದಿನದಿಂದ ಗೌರವ ಹೆಚ್ಚಾಯಿತು.

ಗೌರವ ಎಂದೆನೇ? ಭಯ ಎಂದರೂ ನಡೆದೀತು. ನಮ್ಮ ಕರಾವಳಿಯ ಈ ತುಂಡಿನಲ್ಲಿ ಕೈಯಲ್ಲಿ ಯಂತ್ರ ಹಿಡಿದು ಯಾರಾದರೂ ಗದ್ದೆಯ ಬದಿಯಲ್ಲಿ ನಿಂತರೆ ಜನ ಮೊದಲು ಕೇಳುವ ಪ್ರಶ್ನೆ “ಯಾವ ಊರು, ಯಾರ ಮಗ” ಎಂದಲ್ಲ, “ಈ ಸರ್ತಿ ಯಾವ ಪ್ರೊಜೆಕ್ಟು?” ಎಂದು. ಅಣೆಕಟ್ಟು, ರೈಲು, ನೌಕಾನೆಲೆ, ಹೆದ್ದಾರಿ ಎಲ್ಲವೂ ಹೀಗೇ, ಮೊದಲು ಒಬ್ಬ ಮನುಷ್ಯ ಒಂದು ಯಂತ್ರ ಹಿಡಿದುಕೊಂಡು ಬಂದಲ್ಲಿಂದ ಶುರುವಾದದ್ದು. ಅಂಕೋಲೆಯ ಆಚೆ ಒಂದು ಊರಲ್ಲಿ ನಾನು ಬರೀ ಹುಲ್ಲು ಬೆಳೆಯುವ ಖಾಲಿ ಬೇಣದಲ್ಲಿ ನಿಂತು ಸಿಗ್ನಲ್ ನೋಡಿ ಬಂದೆ. ಮುಂದಿನ ವಾರ ಹೋದರೆ ಅದು ಬೇಣವೇ ಅಲ್ಲ, ತೋಟ! ತೆಂಗಿನ ಸಸಿ, ಮಾವಿನ ಕಸಿ, ಮೂಲೆಯಲ್ಲೊಂದು ಹಲಸು, ಎಲ್ಲ ಸಾಲಾಗಿ ನಿಂತಿದ್ದವು. ಭೂಮಿ ಹೋಗುವುದೇ ಆದರೆ ಮರದ ಪರಿಹಾರವೂ ಸಿಗಲಿ ಎಂದು ಮಾಲೀಕ ಮುಂದಾಲೋಚನೆ ಮಾಡಿದ್ದ. “ಇಲ್ಲ ಮಾರಾಯ್ರೆ, ಇದು ಮೊಬೈಲ್ ಸಿಗ್ನಲ್ ನೋಡುವ ಮಿಷನ್ನು” ಎಂದೆ. “ಹೌದು ಹೌದು, ಮೊದ್ಲು ಎಲ್ಲರೂ ಹಂಗೇ ಹೇಳೂದು” ಎಂದು ಎಳನೀರು ಕೊಟ್ಟ. ಮಲ್ಲಾಪುರದ ಕಡೆಗೆ ಹೋದರೆ ಇನ್ನೊಂದು ಬಗೆ. ಅಲ್ಲಿ ಅಣುಸ್ಥಾವರ ಹತ್ತಿರ, ಜನರಿಗೆ ಮೀಟರು ಹಿಡಿದವರನ್ನು ನೋಡಿ ರೂಢಿ. ಒಬ್ಬ ಅಜ್ಜಿ ನನ್ನ ಇಟ್ಟಂಗಿಯ ಮುಂದೆ ತನ್ನ ಬಸಳೆ ಸೊಪ್ಪಿನ ಕಟ್ಟು ಹಿಡಿದು, “ಇದ್ನ ತಿನ್ನಬಹುದಾ ನೋಡಿ ಹೇಳು ತಮ್ಮಾ” ಎಂದಳು. ನಾನು ನೋಡಿ, ತಿನ್ನಬಹುದು ಎಂದೆ. ಆ ಸೊಪ್ಪಿಗೆ ಸಿಗ್ನಲ್ ಚೆನ್ನಾಗಿತ್ತು.

ಇಂಥ ಗತ್ತಿನಲ್ಲಿ ಇದ್ದವನಿಗೆ ಮಾವನ ಮನೆಯಿಂದ ಕರೆ ಬಂತು. ವಿಮಲಾಳ ತವರು ಶೆಟಗೇರಿ. ಮಾವ ಇಲ್ಲ. ಅತ್ತೆ ಇದ್ದಾರೆ, ಅವರ ಇಬ್ಬರು ಗಂಡುಮಕ್ಕಳು ಹೆಂಡಿರೊಡನೆ ಅದೇ ಮನೆಯಲ್ಲಿದ್ದಾರೆ. ದೊಡ್ಡವ ಬೀರಣ್ಣ ಭಾವ, ಬೇಸಾಯ. ಚಿಕ್ಕವ ಗಣಪತಿ, ಮಲ್ಲಾಪುರದ ಒಂದು ಕ್ಯಾಂಟೀನಿನಲ್ಲಿ ಬದಲಿ ಕೆಲಸ. ಅಣ್ಣತಮ್ಮಂದಿರು ಹಿಸ್ಸೆಯಾಗುವುದೆಂದು ತೀರ್ಮಾನಿಸಿದ್ದರು. ಜಗಳವಾಗಿ ಅಲ್ಲ, ಜಗಳ ಆಗುವ ಮೊದಲು ಆಗಿಬಿಡೋಣ ಎಂಬ ಒಳ್ಳೆಯ ಬುದ್ಧಿಯಿಂದ. ಗದ್ದೆ ಹಂಚಿದರು, ಇಶಾಡ ಮಾವಿನ ಮರಗಳನ್ನು ಹಂಚಿದರು, ಬಚ್ಚಲ ತಾಮ್ರದ ಹಂಡೆಯನ್ನು “ನಿಂಗೇ ಇರಲಿ”, “ಇಲ್ಲ ಅಣ್ಣಾ ನಿಂಗೇ ಇರಲಿ” ಎಂದು ಆಚೀಚೆ ದೂಡಿದರು. ಎಮ್ಮೆ ಕೂಡ ಯಾರ ಮನಸ್ಸನ್ನೂ ನೋಯಿಸದೆ ದೊಡ್ಡವನ ಪಾಲಿಗೆ ಹೋಯಿತು. ಎಲ್ಲ ಮುಗಿಯಿತು ಎನ್ನುವಾಗ ಉಳಿದದ್ದು ಒಂದೇ, ಜಗಲಿಯ ತೆಂಕು ತುದಿ.

ಆ ಮನೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ಪಡುವಣಕ್ಕೆ ಮುಖ ಮಾಡಿದ ಉದ್ದನೆಯ ಹೆಂಚಿನ ಮನೆ, ಮುಂದೆ ಉದ್ದಕ್ಕೂ ಜಗಲಿ, ಎದುರಿಗೆ ಗಜನಿ. ಗಜನಿ ಎಂದರೆ ಮಳೆಗಾಲದಲ್ಲಿ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟುಕೊಳ್ಳುವ ಗದ್ದೆಬಯಲು. ಗಜನಿಯ ಆಚೆ ದಡದಲ್ಲಿ, ತೆಂಗಿನ ತಲೆಗಳ ಮೇಲೆ, ಟವರು. ಮನೆಯ ತೆಂಕು ಬದಿಯ ಅಡುಗೆಮನೆ ಗಣಪತಿಯದು, ಬಡಗು ಬದಿಯದು ಬೀರಣ್ಣ ಭಾವನದು, ಎರಡರ ನಡುವೆ ದೊಡ್ಡ ನಡುಮನೆ, ಅಲ್ಲಿ ಅತ್ತೆಯ ಮಂಚ. ಸಹಜವಾಗಿ ಅವರವರ ಬದಿ ಅವರವರು ತೆಗೆದುಕೊಂಡು ನಡುಮನೆಯನ್ನು ಸಮಾಯಿಕವಾಗಿ, ಅಂದರೆ ಇಬ್ಬರಿಗೂ ಸೇರಿದ್ದಾಗಿ, ಇಟ್ಟರೆ ಒಂದು ಮೊಳೆಯನ್ನೂ ಕೀಳಬೇಕಾಗಿರಲಿಲ್ಲ. ಆದರೆ ಮೊಬೈಲಿಗೆ ಸಿಗ್ನಲ್ ಸಿಗುವುದು ಜಗಲಿಯ ತೆಂಕು ತುದಿಯಲ್ಲಿ ಮಾತ್ರ. ಬಡಗು ತುದಿಯಲ್ಲಿ ಕಟ್ಟಿಗೆ ಒಟ್ಟಿದ್ದರು, ಅಲ್ಲಿ ಸಿಗುವುದು ಇರುವೆ.

ಇಬ್ಬರಿಗೂ ಸಿಗ್ನಲ್ ಬೇಕೇ ಬೇಕು. ಬದಲಿಯವನ ಬಾಳು ಫೋನಿನ ಮೇಲೆ. ಮಲ್ಲಾಪುರದಿಂದ ಕರೆ ಬಂದಾಗ ಗಣಪತಿ ಎತ್ತದಿದ್ದರೆ ಆ ದಿನದ ಕೆಲಸ ಇನ್ನೊಬ್ಬನಿಗೆ. ಇತ್ತ ಬೀರಣ್ಣ ಭಾವನ ಹೆಂಡತಿ ಶಾಂತಕ್ಕ ಮಾವಿನಮಿಡಿ, ಇಶಾಡ ಹಣ್ಣು, ಮುರುಗಲ ಹುಳಿಸಿಪ್ಪೆ ಎಲ್ಲವನ್ನೂ ಫೋನಿನಲ್ಲೇ ಹುಬ್ಬಳ್ಳಿಯ ತನಕ ಮಾರುವವಳು. ಹಣ್ಣು ಕಾಯುವುದಿಲ್ಲ, ಗಿರಾಕಿ ಅದಕ್ಕಿಂತ ಕಾಯುವುದಿಲ್ಲ. ಹಾಗಾಗಿ ಒಂದು ಸೂತ್ರ ಹುಟ್ಟಿತು. ತೆಂಕು ತುದಿಯನ್ನೇ ಎರಡು ಪಾಲು ಮಾಡುವುದು. ಬೀರಣ್ಣ ಭಾವನ ಮನೆಯವರು ಅಲ್ಲಿಗೆ ಬಂದುಹೋಗಲು ನಡುಮನೆಯ ಉದ್ದಕ್ಕೂ ಗೋಡೆ ಎಬ್ಬಿಸಿ ಒಂದು ಓಣಿ ಬಿಡುವುದು. ಚಿರೆಕಲ್ಲು ಬಂದು ಅಂಗಳದಲ್ಲಿ ಇಳಿದೂ ಆಯಿತು.

ಈ ಗೋಡೆ ಬೇಡವಾಗಿದ್ದದ್ದು ಒಬ್ಬರಿಗೆ ಮಾತ್ರ, ಅತ್ತೆಗೆ. ನಡುಮನೆಯ ಆ ಮಂಚದ ಮೇಲೆ ಕೂತರೆ ಎಡಕ್ಕೆ ಒಂದು ಅಡುಗೆಮನೆಯ ಬಾಗಿಲು ಕಾಣುತ್ತದೆ, ಬಲಕ್ಕೆ ಇನ್ನೊಂದು. ಯಾವ ಒಲೆಯ ಮೇಲೆ ಏನು ಬೇಯುತ್ತಿದೆ, ಯಾವ ಮೀನಿಗೆ ಯಾರು ಹುಳಿ ಹೆಚ್ಚು ಹಾಕಿದರು, ಯಾವ ಸೊಸೆಯ ಕೈಬಳೆ ಇಂದು ಜೋರಾಗಿ ಸದ್ದು ಮಾಡುತ್ತಿದೆ ಎಲ್ಲವೂ ಕೂತಲ್ಲೇ ತಿಳಿಯುತ್ತದೆ. ಗೋಡೆ ಬಂದರೆ ಒಂದು ಅಡುಗೆಮನೆ ಮಾಯ. ಎರಡು ಅಡುಗೆಮನೆ ನೋಡಿ ರೂಢಿಯಾದವರಿಗೆ ಒಂದೇ ನೋಡುವುದೆಂದರೆ ಒಂದು ಕಣ್ಣು ಕಟ್ಟಿಕೊಂಡ ಹಾಗೆ. ಆದರೆ ಅವರು ಬಾಯಿಬಿಟ್ಟು ಬೇಡ ಎನ್ನಲಿಲ್ಲ. “ಸಿಗ್ನಲ್ ಎಲ್ಲೆಲ್ಲಿ ಅದೆ ಅಂತ ಗೊತ್ತಿದ್ದವ್ರನ್ನ ಕರ್ಸಿ ಒಂದ್ಸರ್ತಿ ನೋಡ್ರೋ. ಮನೇಲೇ ಒಬ್ರು ಇದ್ದಾರಲ್ಲ” ಎಂದರಂತೆ. ಆ ಒಬ್ಬರು ನಾನು. ಬಡಗು ತುದಿಯಲ್ಲೂ ಒಂದಿಷ್ಟು ಸಿಗ್ನಲ್ ಇದೆ ಎಂದು ನನ್ನ ಮೀಟರು ಹೇಳಿಬಿಟ್ಟರೆ ಗೋಡೆ ತಪ್ಪುತ್ತದೆ ಎಂಬುದು ಅವರ ಆಸೆ.

ಭಾನುವಾರ ಬೆಳಿಗ್ಗೆ ಇಟ್ಟಂಗಿಯನ್ನು ಟವೆಲಿನಲ್ಲಿ ಸುತ್ತಿ ಸ್ಕೂಟರಿನಲ್ಲಿಟ್ಟು ವಿಮಲಾಳನ್ನು ಕೂರಿಸಿಕೊಂಡು ಹೊರಟೆ. ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅತ್ತೆ ಮದುವೆಯಾದಂದಿನಿಂದ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಅಳಿಯನ ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ಅವರ ಕಾಲದ ಮರ್ಯಾದೆಯಲ್ಲ. ಹೇಳಬೇಕಾದ್ದನ್ನೆಲ್ಲ ಮನೆಯ ಬೆಕ್ಕಿಗೆ ಹೇಳುತ್ತಾರೆ. ಬಾಲ ತುಂಡಾದ ಬೆಕ್ಕು, ಮೊಂಡ ಎಂದು ಹೆಸರು. ನಾನು ಅಂಗಳಕ್ಕೆ ಕಾಲಿಟ್ಟದ್ದೇ, “ಏ ಮೊಂಡಾ, ಅಳಿಯಂದಿರು ಬಿಸಿಲಲ್ಲಿ ಬಂದ್ರು. ಮೊದ್ಲು ಮಜ್ಜಿಗೆ ಕುಡಿತಾರೋ ಚಾ ಕುಡಿತಾರೋ ಕೇಳು” ಎಂದರು. ನಾನೂ ಬೆಕ್ಕಿಗೇ “ಮಜ್ಜಿಗೆ” ಎಂದೆ. ಬೆಕ್ಕು ಇಬ್ಬರನ್ನೂ ನೋಡಿ ಎದ್ದುಹೋಯಿತು. ಮಜ್ಜಿಗೆಯ ನಂತರ ಮೀಟರನ್ನು ದೇವರ ಮುಂದೆ ಇಡಬೇಕೆಂದು ಬೆಕ್ಕಿಗೆ ಅಪ್ಪಣೆಯಾಯಿತು. ಇಟ್ಟೆ. ಆಂಟೆನಾಕ್ಕೆ ಕುಂಕುಮ ಬಿತ್ತು, ಒಂದು ದಾಸಾಳವೂ ಸಿಕ್ಕಿಕೊಂಡಿತು. ಕಚೇರಿಯ ಸಾಮಾನು, ಸಾಹೇಬರಿಗೆ ಗೊತ್ತಾದರೆ ಏನು ಗತಿ ಎಂದು ಅಂಜಿದೆನಾದರೂ, ನಿಜ ಹೇಳಬೇಕೆಂದರೆ ಆ ಪೂಜೆ ನನಗೇ ಆದ ಹಾಗಿತ್ತು.

ಜಗಲಿಯ ತೆಂಕು ತುದಿಗೆ ಹೋಗಿ ನಿಂತೆ. ಮನೆಯವರೆಲ್ಲ ಸುತ್ತ ನಿಂತರು. ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, “ಮೈನಸ್ ಎಪ್ಪತ್ತು” ಎಂದೆ.

“ಶೀ! ಮೊದ್ಲ ಮಾತೇ ಮೈನಸ್ಸಾ?” ಎಂದು ಶಾಂತಕ್ಕ ಸೆರಗನ್ನು ಬಾಯಿಗೆ ಹಿಡಿದಳು. “ಅಳತೆ ಮಾಡುವಾಗ ಮೊದ್ಲು ಲಾಭ ಅಂತ ಹೇಳ್ಬೇಕು ಅಣ್ಣಾ. ಇಷ್ಟು ಓದಿದವ್ರು ನೀವು!”

ಸರಿ, “ಲಾಭ, ಮೈನಸ್ ಎಪ್ಪತ್ತು” ಎಂದು ತಿದ್ದಿಕೊಂಡೆ. ಲಾಭದ ಮೈನಸ್ ಏನೆಂದು ನನ್ನ ಅಜ್ಜನನ್ನು ಕೇಳಿದ್ದರೆ ಅವನು ಕೊಳಗವನ್ನೇ ನನ್ನ ತಲೆಗೆ ಬೋರಲು ಹಾಕುತ್ತಿದ್ದ. ಆಮೇಲೆ ಬಡಗು ತುದಿಗೆ ಹೋದೆವು. ಕಟ್ಟಿಗೆ ರಾಶಿಯ ಪಕ್ಕ ಒತ್ತಿಕೊಂಡು ನಿಂತು, “ಮೈನಸ್ ನೂರಾಹತ್ತು” ಎಂದೆ.

ಬೀರಣ್ಣ ಭಾವನ ಮುಖ ಅರಳಿತು. “ನೋಡ್ದ್ಯಾ ತಮಾ! ನನ್ನ ಬದೀಲಿ ನೂರಾಹತ್ತು ಅದೆ, ನಿನ್ನ ಬದೀಲಿ ಎಪ್ಪತ್ತೇ. ಸುಮ್ನೆ ಇಷ್ಟ್ ದಿವ್ಸ ತಲೆಬಿಸಿ!”

“ಹಾಗಲ್ಲ ಭಾವ” ಎಂದೆ ನಾನು, “ಮೈನಸ್ಸಿನಲ್ಲಿ ಹೆಚ್ಚಾದಷ್ಟೂ ಕಡಿಮೆ.”

“ಹೆಚ್ಚಾದ್ರೆ ಕಡ್ಮೆ ಆಗೂದು ಎಂತದು ಮಾರಾಯಾ? ಒಂದೋ ಹೆಚ್ಚು ಅನ್ನಿ, ಒಂದೋ ಕಡ್ಮೆ ಅನ್ನಿ.”

“ಸಾಲ ಇದ್ದ ಹಾಗೆ ಅಣ್ಣಾ” ಎಂದು ಗಣಪತಿ ವಿವರಿಸಿದ. “ನಿಂದು ದೊಡ್ಡ ಸಾಲ, ನಂದು ಸಣ್ಣ ಸಾಲ.”

“ನಾ ಯಾರ ಹತ್ರ ಸಾಲ ಮಾಡ್ದೆ?” ಎಂದು ಬೀರಣ್ಣ ಭಾವ ರೇಗಿದ. ವಿಮಲಾ ನಡುವೆ ಬಂದು, ಅಣ್ಣನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ಹಗ್ಗ ಎಷ್ಟು ಕೆಳಗೆ ಬಿಟ್ಟರೆ ನೀರು ಸಿಗುತ್ತದೆ ಎಂಬುದೇ ಮೈನಸ್ಸು, ಹಗ್ಗ ಉದ್ದ ಬೇಕಾದಷ್ಟೂ ನೀರು ದೂರ ಎಂದು ತಿಳಿಸಿದಳು. ಅವನಿಗೆ ಅರ್ಥವಾಯಿತು. ನನಗೂ ಅಂದೇ ಮೊದಲ ಬಾರಿ ಚೆನ್ನಾಗಿ ಅರ್ಥವಾದದ್ದು, ಆದರೆ ತೋರಿಸಿಕೊಳ್ಳಲಿಲ್ಲ. ಎದೆ ಸೆಟೆಸಿ, “ತೆಂಕು ತುದಿಯಲ್ಲಿ ಭರಪೂರ, ಬಡಗು ತುದಿಯಲ್ಲಿ ಶೂನ್ಯ. ಇದರಲ್ಲಿ ಎರಡು ಮಾತಿಲ್ಲ” ಎಂದು ತೀರ್ಪು ಕೊಟ್ಟೆ. ಅಂದಾಜು ಎಂಬ ಶಬ್ದ ನಾಲಗೆಯ ಹತ್ತಿರಕ್ಕೂ ಬರಲಿಲ್ಲ. ಮುಂದಿನ ಭಾನುವಾರ ಗೋಡೆ ಶುರುಮಾಡುವುದೆಂದು ನಿಶ್ಚಯವಾಯಿತು. ಅತ್ತೆ ನಡುಮನೆಯ ಮಂಚದಲ್ಲಿ ಕೂತು ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು. ಊಟಕ್ಕೆ ಕೂತಾಗ ನನಗೆ ಇನ್ನೊಂದು ಹೋಳು ಮೀನು ಬೇಕೇ ಎಂದು ಬೆಕ್ಕನ್ನು ಕೇಳಲಿಲ್ಲ. ಬೆಕ್ಕು ನನ್ನ ಎಲೆಯ ಪಕ್ಕ ಬಂದು, ಹೇಳಲಿಕ್ಕೇನೂ ಇಲ್ಲದ್ದರಿಂದ ಮುಖ ತೊಳೆಯುತ್ತ ಕೂತಿತು. ಹೊರಡುವಾಗ ಗಣಪತಿ ಒಂದು ಚೀಲ ಏಡಿ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ಚೀಲದೊಳಗೆ ಅವು ಕರಕರ ಎನ್ನುತ್ತಿದ್ದವು. ವಿಮಲಾ ಹಿಂದೆ ಕೂತು ಏನೂ ಅನ್ನುತ್ತಿರಲಿಲ್ಲ. ಏಡಿಗಳಾದರೂ ಮಾತಾಡುತ್ತಿವೆಯಲ್ಲ ಎಂದುಕೊಂಡೆ.

ವಾರದ ನಡುವೆ ಕಚೇರಿಯಲ್ಲಿದ್ದಾಗ ಶಾಂತಕ್ಕನ ಫೋನು ಬಂತು. ಧ್ವನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಪಕ್ಕದ ಮೇಜಿನವರೂ ತಲೆಯೆತ್ತಿದರು.

“ಅಣ್ಣಾ, ನಾ ಎಲ್ಲಿ ನಿಂತ್ಕಂಡು ಮಾತಾಡ್ತೆ ಹೇಳಿ ಕಾಂಬ?”

“ತೆಂಕು ತುದಿಯಲ್ಲಿ” ಎಂದೆ.

“ಇಲ್ಲ! ಬಡಗು ತುದೀಲಿ. ಗೋಡೆ ಕೆಲಸಕ್ಕೆ ಕಲ್ಲು ಇಡ್ಬೇಕಂತ ಕಟ್ಟಿಗೆ ರಾಶಿ ತೆಗ್ದೆವು. ನಿಮ್ಮ ನೂರಾಹತ್ತರ ಮೇಲೇ ನಿಂತ್ಕಂಡಿದ್ದೆ ಈಗ. ಅದೇ ಹೊತ್ತಿಗೆ ಗಣಪತಿ ತೆಂಕು ತುದೀಲಿ ನಿಂತು ಹಲೋ ಹಲೋ ಅಂತ ಕೂಗ್ತಾ ಇದ್ದ, ಅವ್ನಿಗೆ ಒಂದು ಕಡ್ಡೀನೂ ಇಲ್ಲ.” ಆಮೇಲೆ ದನಿ ಇಳಿಸಿ, “ನಾ ಏನೂ ಹೇಳೂದಿಲ್ಲಪ್ಪಾ. ಆದ್ರೆ ಆ ದಿವ್ಸ ಗಣಪತಿ ನಿಮ್ಗೆ ಏಡಿ ಕಟ್ಟಿಕೊಟ್ಟದ್ದು ನಾ ನೋಡ್ದೆ” ಎಂದಳು.

ಏಡಿ ತಿಂದು ತೀರ್ಪು ಕೊಟ್ಟವನು ಎಂಬ ಹೆಸರು ಹೊತ್ತುಕೊಂಡು ಬಾಳುವುದು ಹೇಗೆ? ಅದೂ ಅಂಕೋಲೆ ತಾಲೂಕಿನಲ್ಲಿ, ಸಂಜೆಯೊಳಗೆ ಸುದ್ದಿ ಬಸ್ಸಿಗಿಂತ ಮೊದಲು ಕಾರವಾರ ಮುಟ್ಟುವ ಜಾಗದಲ್ಲಿ. ಏಡಿಯನ್ನು ತೀರ್ಪಾದ ಮೇಲೆ ಕೊಟ್ಟದ್ದೇ ಹೊರತು ಮೊದಲಲ್ಲ ಎಂದು ವಾದಿಸಬಹುದಿತ್ತು. ಆದರೆ ಹಾಗೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಭಾನುವಾರ ಕೆಲಸದವರು ಬರುವ ಮೊದಲೇ ಶೆಟಗೇರಿ ಮುಟ್ಟಿದೆ. ಈ ಸಲ ಮಜ್ಜಿಗೆಯಿಲ್ಲ, ದೇವರ ಮುಂದೆ ಇಡುವುದಿಲ್ಲ, ದಾಸಾಳವಿಲ್ಲ. ನೇರ ಜಗಲಿಗೆ. ತೆಂಕು ತುದಿಯಲ್ಲಿ ಮೀಟರು ಮೈನಸ್ ನೂರಾಐದು ಎಂದಿತು. ಬಡಗು ತುದಿಯಲ್ಲಿ ಮೈನಸ್ ಎಪ್ಪತ್ತೆರಡು.

ಮೊದಲು ಬ್ಯಾಟರಿಯ ಮೇಲೆ ಅನುಮಾನಪಟ್ಟೆ. ನಮ್ಮ ಕಸುಬಿನಲ್ಲಿ ತಪ್ಪು ಯಾವಾಗಲೂ ಬ್ಯಾಟರಿಯಿಂದ ಶುರುವಾಗುತ್ತದೆ. ಹೊಸದು ಹಾಕಿದೆ, ಅದೇ ಉತ್ತರ. ಆಮೇಲೆ ಸುತ್ತ ನಿಂತವರ ಮೇಲೆ ಅನುಮಾನ ಬಂತು. ಮನುಷ್ಯನ ಮೈಯಲ್ಲಿ ನೀರು ಹೆಚ್ಚು, ಅದು ಸಿಗ್ನಲನ್ನು ಹೀರುತ್ತದೆ, ತಡೆಯುತ್ತದೆ. ಮೀಟರು ಹಿಡಿದವನ ಮೈಯೂ ಅಳತೆಯನ್ನು ಕೆಡಿಸುತ್ತದೆ. ಇದು ನಾನು ಕಲಿತ ಮೊದಲ ಪಾಠ, ಮರೆತ ಮೊದಲ ಪಾಠವೂ ಹೌದು. “ಎಲ್ಲರೂ ದೂರ ಹೋಗಿ” ಎಂದೆ. ಬೀರಣ್ಣ ಭಾವ ಊರಿಗೇ ದೊಡ್ಡ ಮೈಯವ. “ಭಾವ, ನೀವು ಇನ್ನೂ ಸ್ವಲ್ಪ ದೂರ” ಎಂದಾಗ, “ನಾ ಸಿಗ್ನಲ್ ತಿಂದೆ ಅಂತೀರನಾ? ಬೆಳಿಗ್ಗಿಂದ ಚಾ ಬಿಟ್ರೆ ಏನೂ ತಿಂದದ್ದಿಲ್ಲ” ಎನ್ನುತ್ತ ಹುಲ್ಲಿನ ಕುತ್ರಿಯ ಹಿಂದೆ ಹೋಗಿ ನಿಂತ. ಎಲ್ಲರನ್ನೂ ಓಡಿಸಿಯಾಯಿತು, ಉಳಿದದ್ದು ನನ್ನ ಮೈ. ಅದನ್ನು ಎಲ್ಲಿಗೆ ಕಳಿಸುವುದು? ಆಗ ಕಣ್ಣಿಗೆ ಬಿದ್ದದ್ದು ಸೂರಿಗೆ ಸಿಕ್ಕಿಸಿಟ್ಟ ದೋಟಿ, ಮಾವಿನಕಾಯಿ ಕೊಯ್ಯುವ ಉದ್ದನೆಯ ಬಿದಿರು, ತುದಿಯಲ್ಲಿ ಬಲೆಯ ಚೀಲ. ಮೀಟರನ್ನು ಬಲೆಯೊಳಗೆ ಕೂರಿಸಿ, ಬಾಯಿಗೆ ದಾರ ಬಿಗಿದು, ಅಂಗಳದಲ್ಲಿ ದೂರ ನಿಂತು ದೋಟಿಯನ್ನು ಜಗಲಿಯ ತುದಿಗೆ ಚಾಚಿ ಹಿಡಿದೆ. ಸಂಖ್ಯೆ ಕಾಣಬೇಕಲ್ಲ, ಅದಕ್ಕೆ ಕತ್ತನ್ನು ಬಾತುಕೋಳಿಯ ಹಾಗೆ ಉದ್ದ ಮಾಡಿ ನೋಡುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ಲು ನಿಲ್ಲಿಸಿ, “ಇನ್ನೂ ಹಣ್ಣಾಗಿಲ್ರಾ, ಅದು ಹಳದಿ ಕಂಡ್ರೂ ಕಾಯೇಯ” ಎಂದು ಹೇಳಿಹೋದ.

ಕೈ ಸೋಲುವ ತನಕ ಹಿಡಿದೆ. ಹಿಡಿದು ಹಿಡಿದು ಬಿಡಬೇಕೆನ್ನುವಷ್ಟರಲ್ಲಿ ಬಡಗು ತುದಿಯ ಅಂಕಿ ತಾನಾಗಿಯೇ ಕೆಡತೊಡಗಿತು. ಎಪ್ಪತ್ತೆರಡು ಇದ್ದದ್ದು ಎಂಬತ್ತಾಯಿತು, ಎಂಬತ್ತೈದಾಯಿತು. ಯಾರೂ ಹತ್ತಿರ ಬಂದಿಲ್ಲ, ಗಾಳಿಯಿಲ್ಲ, ಟವರು ಇದ್ದಲ್ಲೇ ಇದೆ. ದೋಟಿಯನ್ನು ತೆಂಕಿಗೆ ತಿರುಗಿಸಿದರೆ ಅಲ್ಲಿ ನಿಧಾನವಾಗಿ ಚೇತರಿಕೆ. ಮನೆಯಲ್ಲಿ ಒಂದು ಅಡುಗೆಮನೆಯಿಂದ ಇನ್ನೊಂದಕ್ಕೆ ಯಾರೋ ಕೊಡದಲ್ಲಿ ಸಿಗ್ನಲ್ ಹೊತ್ತು ಸಾಗಿಸುತ್ತಿರುವ ಹಾಗೆ! ಇದೇನಪ್ಪಾ ಎಂದು ಟವರಿನ ಕಡೆ ಮುಖ ಮಾಡಿದಾಗ ನಡುವೆ ಇದ್ದ ಗಜನಿ ಕಾಣಿಸಿತು. ಬೆಳಿಗ್ಗೆ ನಾನು ಬಂದಾಗ ಕನ್ನಡಿಯಂತೆ ತುಂಬಿ ನಿಂತಿತ್ತು. ಈಗ ನೀರು ಇಳಿದು, ಬದುಗಳು ಎದ್ದು, ಬೆಳ್ಳಕ್ಕಿಗಳು ಕೆಸರಿನಲ್ಲಿ ಕಾಲಿಟ್ಟು ನಡೆಯುತ್ತಿದ್ದವು. ಹಿಂದಿನ ಭಾನುವಾರ ನಾನು ತೀರ್ಪು ಕೊಡುವಾಗಲೂ ಹೀಗೇ ಕೆಸರಿತ್ತು, ಇವೇ ಬೆಳ್ಳಕ್ಕಿಗಳಿದ್ದವು.

“ಭರತ!” ಎಂದು ಕೂಗಿದೆ. ಯಾರೋ ಭರತನನ್ನು ಕರೆಯುತ್ತಿದ್ದೇನೆಂದು ತಿಳಿದು ಹುಲ್ಲುಕುತ್ರಿಯ ಹಿಂದಿನಿಂದ ಭಾವ ಇಣುಕಿದ. ದೋಟಿ ಕೆಳಗಿಟ್ಟು ಎಲ್ಲರನ್ನೂ ಕರೆದು ಹೇಳಿದೆ. ಟವರಿನಿಂದ ಹೊರಟ ಸಿಗ್ನಲ್ ಈ ಮನೆಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ನೇರ ಗಾಳಿಯಲ್ಲಿ, ಇನ್ನೊಂದು ಗಜನಿಯ ನೀರಿಗೆ ಬಡಿದು ಪುಟಿದು. ಎರಡೂ ಒಂದೇ ತಾಯಿಯ ಮಕ್ಕಳು. ಜಗಲಿಗೆ ಬಂದು ಸೇರುವಾಗ ಹೆಜ್ಜೆ ಕೂಡಿದರೆ ಒಂದಕ್ಕೊಂದು ಬಲ. ಹೆಜ್ಜೆ ತಪ್ಪಿದರೆ ಒಂದು ಇನ್ನೊಂದನ್ನು ಹೊಡೆದು ಹಾಕುತ್ತದೆ, ಎರಡೂ ಇದ್ದೂ ಇಲ್ಲದ ಹಾಗೆ. ನೀರು ಏರಿ ಇಳಿದಂತೆ ಪುಟಿಯುವ ದಾರಿ ಬದಲಾಗುತ್ತದೆ, ಕೂಡುವ ಜಾಗವೂ ಸರಿಯುತ್ತದೆ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಬಡಗಿಗೆ, ಇಳಿದಾಗ ತೆಂಕಿಗೆ. ಇಷ್ಟು ದಿನ ಗೊತ್ತಾಗಲಿಲ್ಲ, ಯಾಕೆಂದರೆ ಬಡಗಿನಲ್ಲಿ ಕಟ್ಟಿಗೆ ಇತ್ತು; ತೆಂಕಿನಲ್ಲಿ ಸಿಗ್ನಲ್ ಹೋದರೆ ಎಲ್ಲರೂ ಮೊಬೈಲನ್ನು ಕುಟ್ಟುತ್ತಿದ್ದರೇ ಹೊರತು ಇರುವೆಗಳ ನಡುವೆ ಹೋಗಿ ನಿಂತು ನೋಡಿದವರಿಲ್ಲ.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಹಂಗಾರೆ ದಿನಾ ಇಂಥ ಹೊತ್ತಿಗೆ ಅವನ ಬದಿ, ಇಂಥ ಹೊತ್ತಿಗೆ ನನ್ನ ಬದಿ ಅಂತ ಬರ್ದುಕೊಡಿ ಭಾವ” ಎಂದ ಬೀರಣ್ಣ. ಅದೂ ಆಗುವುದಿಲ್ಲ. ಭರತದ ಹೊತ್ತು ದಿನಾ ಮುಂದೆ ಮುಂದೆ ಹೋಗುತ್ತದೆ. ಇದು ಅವನಿಗೆ ನಾನು ಹೇಳಬೇಕಾದ್ದಲ್ಲ, ಅವನೇ ತಲೆ ಕೆರೆದುಕೊಂಡ. “ಹುಣ್ಣಿಮೆ ಅಮಾಸೆಗೆ ಮತ್ತೂ ಬೇರೆ” ಎಂದು ಗಣಪತಿ ಸೇರಿಸಿದ. ಅಷ್ಟರಲ್ಲಿ ಅವನ ಕಿಸೆಯಲ್ಲಿ ಫೋನು ಗುರ್ರೆಂದಿತು. ನೋಡಿದ, ಮಲ್ಲಾಪುರ. “ಹಲೋ” ಎನ್ನುತ್ತ ತೆಂಕಿಗೆ ಓಡಿದ. ಅಲ್ಲಿ ಇನ್ನೂ ಪೂರ್ತಿ ಬಂದಿರಲಿಲ್ಲ. ಬಡಗಿಗೆ ಓಡಿದ, ಅಲ್ಲಿ ಆಗಲೇ ಹೋಗಿತ್ತು. “ನಡುವಿಗೆ ಬಾರೋ, ನಡುವಿಗೆ!” ಎಂದು ಶಾಂತಕ್ಕ ಕೂಗಿದಳು. ಜಗಲಿಯ ನಡುವೆ, ನಡುಮನೆಯ ಬಾಗಿಲಿಗೆ ಸರಿಯಾಗಿ ನಿಂತಾಗ ಮಾತು ಹತ್ತಿತು. “ಹ್ಞಾಂ ಹ್ಞಾಂ, ಬತ್ತೆ, ಈಗ್ಲೇ ಹೊರಟೆ” ಎಂದು ಬೈಕು ಹತ್ತಿದ. ಅತ್ತಿಗೆ ಮೈದುನನ ಪಾಲಿನ ಸಿಗ್ನಲನ್ನು ಹುಡುಕಿಕೊಟ್ಟದ್ದನ್ನು ಮನೆಯವರೆಲ್ಲ ನೋಡಿದರು. ಶಾಂತಕ್ಕ ಮಾತ್ರ ಏನೂ ಆಗದವಳಂತೆ ಬೆಕ್ಕನ್ನು ಗದರಿಸಿದಳು.

ಕೆಲಸದವರು ಬಂದು ಅಂಗಳದಲ್ಲಿ ಬೀಡಿ ಹಚ್ಚಿ ಕೂತಿದ್ದರು. ಅತ್ತೆ ಮಂಚದಿಂದ ಎದ್ದು ಹೊಸ್ತಿಲ ತನಕ ಬಂದರು. ಬೆಕ್ಕು ಅವರ ಕಾಲ ಹತ್ತಿರವೇ ಇತ್ತು. ಅದನ್ನು ಕಾಲಿನಿಂದ ಮೆಲ್ಲಗೆ ಬದಿಗೆ ಸರಿಸಿ, ನನ್ನ ಮುಖವನ್ನೇ ನೋಡಿ, “ಅಳಿಯಂದಿರೇ, ಹಂಗಾರೆ ಗೋಡೆ ಎಲ್ಲಿ ಹಾಕೂದು? ನೀವೇ ಹೇಳಿ” ಎಂದರು.

ಮದುವೆಯಾದಾಗಿನಿಂದ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನನ್ನ ಕೈಯಲ್ಲಿ ದೋಟಿ, ದೋಟಿಯಲ್ಲಿ ಮೀಟರು. ತೀರ್ಪು ಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಗಂಡಸಿಗೂ ಬರಲಾರದು. ಆದರೆ ಬಾಯಿಂದ ಬಂದದ್ದು, “ನಂಗೆ ಗೊತ್ತಾಗುದಿಲ್ಲ ಅತ್ತೆ. ಇದೆಲ್ಲ ಒಂದು ಅಂದಾಜು” ಎಂದು. ಬೀರಣ್ಣ ಭಾವ ಒಂದು ಚಿರೆಕಲ್ಲಿನ ಮೇಲೆ ಕೂತು, ಗಜನಿಯನ್ನು ನೋಡಿ, “ಗೋಡೆ ಹಾಕಿದ್ರೆ ಸುತ್ತು ಹಾಕಿ ಓಡ್ಬೇಕಾಗ್ತದೆ ಮಾರಾಯಾ, ನಂಗೆ ಓಡೂಕಾಗೂದಿಲ್ಲ” ಎಂದ. ಅಣ್ಣನ ಮೈಭಾರವೂ ಒಮ್ಮೊಮ್ಮೆ ಮನೆ ಉಳಿಸುತ್ತದೆ.

ಕೊನೆಗೆ ಹಿಸ್ಸೆ ಕಾಗದದಲ್ಲಿ ಆಯಿತು, ನಡುಮನೆಯೂ ಜಗಲಿಯೂ ಸಮಾಯಿಕ. ಬಂದ ಕಲ್ಲನ್ನು ಹಿಂದೆ ಕಳಿಸುವುದಕ್ಕಾಗುತ್ತದೆಯೇ?

ಅದೇ ಕಲ್ಲಿನಿಂದ ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದನೆಯ ಕೂರುವ ಕಟ್ಟೆ ಕಟ್ಟಿಸಿದರು. ಈಗ ಹೋಗಿ ನೋಡಬೇಕು. ನೀರು ಏರತೊಡಗಿತೆಂದರೆ ಕಟ್ಟೆಯ ಮೇಲೆ ಕೂತವರೆಲ್ಲ ಫೋನು ಕಿವಿಗಿಟ್ಟುಕೊಂಡೇ ಮಾತು ನಿಲ್ಲಿಸದೆ ಬಡಗಿಗೆ ಸರಿಯುತ್ತಾರೆ, ಇಳಿಯತೊಡಗಿದರೆ ತೆಂಕಿಗೆ. ಶಾಂತಕ್ಕ ಮಾವಿನಮಿಡಿಯ ಮಾತನ್ನು ಒಂದು ಅಡುಗೆಮನೆಯ ಮುಂದೆ ಶುರುಮಾಡಿ ಇನ್ನೊಂದರ ಮುಂದೆ ಮುಗಿಸುತ್ತಾಳೆ. ಮೀಟರಿನ ವಿಷಯಕ್ಕೆ ಬಂದರೆ, ಅದರ ಹಳದಿ ಅಂಗಿಗೆ ಮಾವಿನ ಸೊನೆ ಅಂಟಿತ್ತು, ಆಂಟೆನಾದ ಬುಡದಲ್ಲಿ ಕುಂಕುಮ. ಸಾಹೇಬರು ಎರಡನ್ನೂ ಉಗುರಿನಿಂದ ಕೆರೆದು ನೋಡಿ, “ಇದನ್ನ ಎಲ್ಲಿಗೆ ತಕೊಂಡು ಹೋಗಿದ್ರಿ?” ಎಂದರು. “ಫೀಲ್ಡಿಗೆ” ಎಂದೆ. ಸುಳ್ಳಲ್ಲ.

ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಒಮ್ಮೆ ನೇರವಾಗಿ ಮಾತಾಡಿದ ಅತ್ತೆಗೆ ಬೆಕ್ಕಿನ ಮೂಲಕ ಮಾತಾಡುವ ಕಷ್ಟ ಇನ್ನು ಯಾಕೆ ಎನ್ನಿಸಿಬಿಟ್ಟಿದೆ. ಗಣಪತಿ ಅವರಿಗೆ ದೊಡ್ಡ ಪರದೆಯ ಮೊಬೈಲು ಕೊಡಿಸಿದ್ದಾನೆ, ಸೊಸೆಯಂದಿರಿಬ್ಬರೂ ಸೇರಿ ವಿಡಿಯೋ ಕರೆ ಮಾಡುವುದನ್ನು ಕಲಿಸಿದ್ದಾರೆ. ಗಜನಿಯಲ್ಲಿ ನೀರು ಒಂದು ಹದಕ್ಕೆ ಬಂದು ಕಟ್ಟೆಯ ನಡುವೆ ಸಿಗ್ನಲ್ ನಿಂತಿತೋ, ಕಾರವಾರದಲ್ಲಿ ನನ್ನ ಫೋನು ಹೊಡೆದುಕೊಳ್ಳುತ್ತದೆ. “ಅಳಿಯಂದಿರೇ, ಫೋನ್ ಸ್ವಲ್ಪ ಒಳಗೆ ತಿರುಗ್ಸಿ. ಒಲೆ ಮೇಲೆ ಏನದು? ಬಂಗಡೆಗೆ ಇಷ್ಟು ತೆಂಗಿನಕಾಯಾ? ಆ ಪಾತ್ರೆ ಯಾಕೆ ತೊಳಿಲಿಲ್ಲ?” ಕೂತಲ್ಲಿಂದ ಎರಡು ಅಡುಗೆಮನೆ ಕಾಣುತ್ತಿದ್ದವರಿಗೆ ಈಗ ಮೂರು ಕಾಣುತ್ತವೆ, ಮೂರನೆಯದು ನನ್ನದು. ವಿಮಲಾ ಪಾಠ ಹೇಳಲು ಶಾಲೆಗೆ ಹೋದ ಮೇಲೆ ನಾನು ಡಬ್ಬಿಯಿಂದ ಎರಡು ಚಕ್ಕುಲಿ ತೆಗೆದದ್ದು ಸಂಜೆ ಅವಳಿಗೆ ಶೆಟಗೇರಿಯಿಂದ ಗೊತ್ತಾಯಿತು.

ಹಾಗಾಗಿ ಮೊನ್ನೆ ರಜೆಯ ದಿನ ಇಟ್ಟಂಗಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ. ಸಿಗ್ನಲ್ ಎಲ್ಲಿದೆ ಎಂದು ಊರೂರು ಹುಡುಕಿದವನು ನನ್ನದೇ ಮನೆಯಲ್ಲಿ ಸಿಗ್ನಲ್ ಎಲ್ಲಿಲ್ಲ ಎಂದು ಕೋಣೆ ಕೋಣೆ ಅಳೆದೆ. ಅಡುಗೆಮನೆ ಭರಪೂರ, ಪಡಸಾಲೆ ಭರಪೂರ, ಬಚ್ಚಲೂ ಭರಪೂರ. ಮಲಗುವ ಕೋಣೆಯಲ್ಲಿ ಕಬ್ಬಿಣದ ಕಪಾಟಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಚಾಪೆ ಸುತ್ತಿಟ್ಟ ಜಾಗದಲ್ಲಿ, ಅಂಕಿ ಇಳಿದು ಇಳಿದು ಮೈನಸ್ ನೂರಾಹದಿನೈದಕ್ಕೆ ಮುಟ್ಟಿತು. ಸ್ಟೂಲು ತಂದು, ಚಕ್ಕುಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂತೆ. ಅಜ್ಜನನ್ನು ನೆನೆದು ಮೊದಲ ಚಕ್ಕುಲಿ ತೆಗೆದು, “ಲಾಭ” ಎಂದೆ. ಎರಡು ಎನ್ನುವಷ್ಟರಲ್ಲಿ ಕಪಾಟಿನ ಬದಿಯಿಂದ ವಿಮಲಾಳ ಕೈ ಒಳಗೆ ಚಾಚಿತು. ಕೈಯಲ್ಲಿ ದೋಟಿ ಇರಲಿಲ್ಲ, ಅವಳ ಫೋನು ಇತ್ತು, ಅದರಲ್ಲಿ ಶೆಟಗೇರಿಯಿಂದ ಅತ್ತೆಯ ಸಂದೇಶ: “ಅಳಿಯಂದಿರು ಫೋನ್ ಎತ್ತೂದಿಲ್ಲ ಅಂದ್ರೆ ಎಲ್ಲೋ ಸಿಗ್ನಲ್ ಇಲ್ಲದಲ್ಲಿ ಕೂತ್ಕಂಡಿದ್ದಾರೆ. ಕಪಾಟಿನ ಹಿಂದೆ ನೋಡು.”